ಬೆಳೆ ಪರಿಹಾರದ ಹಣ: ರಿಟರ್ನ್‌ನಲ್ಲಿ ಯಾವ ಕಾಲಂಗೆ?

ಬೆಳೆ ಹಾಳಾಗಿ ಖಾತೆಗೆ ಬಂದ ಹಣಕ್ಕೆ ತೆರಿಗೆ ಇದೆಯೇ ಎಂದು ಕೇಳಿದರೆ, ಹತ್ತರಲ್ಲಿ ಒಂಬತ್ತು ಜನ ‘ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಬಿಡಿ’ ಎನ್ನುತ್ತಾರೆ. ಉತ್ತರ ಹೆಚ್ಚು ಕಡಿಮೆ ಸರಿಯೇ ಇದೆ. ತೊಂದರೆ ಇರುವುದು ಆ ‘ಬಿಡಿ’ಯಲ್ಲಿ. ತೆರಿಗೆ ಇಲ್ಲ ಎಂದ ಮಾತ್ರಕ್ಕೆ ತೋರಿಸಬೇಕಾಗಿಲ್ಲ ಎಂದಾಗುವುದಿಲ್ಲ. ಪರಿಹಾರ ಎಂಬ ಒಂದೇ ಹೆಸರಿನಲ್ಲಿ ಬರುವ ಹಣದಲ್ಲಿ ನಾಲ್ಕೈದು ಜಾತಿಗಳಿವೆ. ಒಂದೊಂದು ಒಂದೊಂದು ಕಾಲಂಗೆ ಹೋಗುತ್ತದೆ, ಒಂದು ಜಾತಿಗಂತೂ ತೆರಿಗೆಯೇ ಇದೆ.

ಇವತ್ತು ನಾನು ಹೇಳುವ ಲೆಕ್ಕವೆಲ್ಲ 2025-26ರ ಆರ್ಥಿಕ ವರ್ಷದ್ದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಅಂದರೆ 2025ರ ಕಾಯ್ದೆ, ಜಾರಿಯಲ್ಲಿದೆ. ಆದರೆ 2025-26ರಲ್ಲಿ ಕೈಸೇರಿದ ಹಣದ ರಿಟರ್ನ್‌ಗೆ 1961ರ ಹಳೆಯ ಕಾಯ್ದೆಯೇ ಅನ್ವಯ. ಹಾಗಾಗಿ ಸೆಕ್ಷನ್ ಸಂಖ್ಯೆಗಳನ್ನು ಹಳೆಯದರಿಂದಲೇ ಹೇಳುತ್ತೇನೆ. ಹೊಸ ಕಾಯ್ದೆಯಲ್ಲಿ ಸಂಖ್ಯೆಗಳು ಬದಲಾಗಿವೆ, ಕೃಷಿ ಆದಾಯದ ವಿನಾಯಿತಿ ಮುಂದುವರಿದಿದೆ.

ಮೊದಲು ತತ್ತ್ವ. ಪರಿಹಾರದ ಹಣಕ್ಕೆ ಸ್ವಂತ ಗುಣವಿಲ್ಲ. ಅದು ಯಾವುದರ ಬದಲಿಗೆ ಬಂದಿದೆಯೋ ಅದರ ಗುಣವನ್ನೇ ಪಡೆಯುತ್ತದೆ. ಬೆಳೆ ಕೈಗೆ ಬಂದಿದ್ದರೆ, ಮಾರಿದ ಹಣ ಸೆಕ್ಷನ್ 2(1ಎ) ಪ್ರಕಾರ ಕೃಷಿ ಆದಾಯವಾಗಿ 10(1)ರ ಕೆಳಗೆ ವಿನಾಯಿತಿ ಪಡೆಯುತ್ತಿತ್ತು. ಆ ಬೆಳೆಯ ಜಾಗದಲ್ಲಿ ಬಂದ ವಿಮಾ ಹಣವೂ ಕೃಷಿ ಆದಾಯವೇ. ಅದೇ ಬೆಳೆಯನ್ನು ಕೊಂಡು ಗೋದಾಮಿನಲ್ಲಿ ಇಟ್ಟುಕೊಂಡ ವ್ಯಾಪಾರಿಗೆ ಬೆಂಕಿ ಬಿದ್ದು ವಿಮೆ ಸಿಕ್ಕರೆ ಅದು ವ್ಯಾಪಾರದ ಆದಾಯ, ಪೂರ್ತಿ ತೆರಿಗೆ. ಸರಕು ಒಂದೇ ಮೆಕ್ಕೆಜೋಳ, ಆದರೆ ಒಬ್ಬರು ಬೆಳೆದವರು, ಇನ್ನೊಬ್ಬರು ಕೊಂಡವರು.

ಈಗ ಒಂದೊಂದಾಗಿ ನೋಡೋಣ. ಹೆಚ್ಚು ಜನಕ್ಕೆ ಬರುವುದು ಎರಡು: ಬೆಳೆ ವಿಮೆ ಮತ್ತು ಸರ್ಕಾರದ ಬೆಳೆ ಹಾನಿ ಪರಿಹಾರ. ಎರಡೂ ಆಧಾರ್ ಜೋಡಣೆಯಾದ ಖಾತೆಗೆ ನೇರ ಜಮೆಯಾಗುತ್ತವೆ, ಪಾಸ್‌ಬುಕ್ಕಿನಲ್ಲಿ ಎರಡರ ಸಾಲೂ ಅರ್ಥವಾಗದ ಸಂಕ್ಷಿಪ್ತ ಅಕ್ಷರಗಳೇ. ಅಲ್ಲಿಂದಲೇ ಗೊಂದಲ ಶುರು.

ಬೆಳೆ ವಿಮೆ ಎಂದರೆ 2016ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಫಸಲ್ ಬಿಮಾ, ಜೊತೆಗೆ ಅಡಿಕೆ, ಕಾಳುಮೆಣಸು, ಮಾವು, ದಾಳಿಂಬೆಯಂಥ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ. ರೈತರ ಪಾಲಿನ ಕಂತು ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಉಳಿದ ಕಂತನ್ನು ಸರ್ಕಾರಗಳು ವಿಮಾ ಕಂಪನಿಗೆ ನೇರವಾಗಿ ಕಟ್ಟುತ್ತವೆ. ಅದು ನಿಮ್ಮ ಲೆಕ್ಕಕ್ಕೆ ಬರಬಾರದು, ಖರ್ಚಾಗಿಯೂ ಬೇಡ, ಆದಾಯವಾಗಿಯೂ ಬೇಡ. ನಿಮ್ಮ ಜೇಬಿನಿಂದ ಹೋದ ಕಂತು ಮಾತ್ರ ಕೃಷಿ ಖರ್ಚು. ಬಂದ ಕ್ಲೇಮ್ ಪೂರ್ತಿ ಕೃಷಿಯ ಒಟ್ಟು ಜಮೆ.

ಸರ್ಕಾರದ ಪರಿಹಾರ ಬೇರೆ. ಅತಿವೃಷ್ಟಿ, ಪ್ರವಾಹ, ಬರದಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾದರೆ ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ಕೊಡುವ ಇನ್‌ಪುಟ್ ಸಬ್ಸಿಡಿ, ಅಂದರೆ ಬೀಜ-ಗೊಬ್ಬರದಂಥ ಖರ್ಚಿಗೆ ನೆರವು. 2022ರಿಂದ 2026ರವರೆಗಿನ ಮಾನದಂಡದಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500, ಗರಿಷ್ಠ ಎರಡು ಹೆಕ್ಟೇರು. ರಾಜ್ಯ ಸರ್ಕಾರ ಕೆಲವೊಮ್ಮೆ ಇದರ ಮೇಲೆ ತನ್ನ ಕಡೆಯಿಂದ ಸೇರಿಸುವುದೂ ಉಂಟು. ಈ ಹಣಕ್ಕೆ ಕಾಯ್ದೆಯಲ್ಲಿ ಪ್ರತ್ಯೇಕ ಜಾಗವೇ ಇದೆ, ಸೆಕ್ಷನ್ 10(10ಬಿಸಿ). ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ವಿಪತ್ತಿನ ಕಾರಣಕ್ಕೆ ಒಬ್ಬ ವ್ಯಕ್ತಿಗೆ ಅಥವಾ ಅವರ ವಾರಸುದಾರರಿಗೆ ಕೊಟ್ಟ ಪರಿಹಾರ ಆದಾಯದ ಲೆಕ್ಕಕ್ಕೇ ಸೇರುವುದಿಲ್ಲ.

ಈ ವಾಕ್ಯದ ಒಂದೊಂದು ಮಾತೂ ಮುಖ್ಯ. ಕೊಡುವವರು ಸರ್ಕಾರವೇ ಆಗಬೇಕು. ವಿಮಾ ಕಂಪನಿ, ಸಹಕಾರ ಸಂಘ, ಟ್ರಸ್ಟ್ ಕೊಟ್ಟದ್ದು ಇಲ್ಲಿಗೆ ಬರುವುದಿಲ್ಲ. ಪಡೆಯುವವರು ವ್ಯಕ್ತಿಯೇ ಆಗಬೇಕು. ಅವಿಭಕ್ತ ಕುಟುಂಬದ ಪ್ಯಾನ್‌ನಲ್ಲಿ, ಪಾಲುದಾರಿಕೆ ಸಂಸ್ಥೆಯಲ್ಲಿ ಅಥವಾ ರೈತ ಉತ್ಪಾದಕ ಕಂಪನಿಯಲ್ಲಿ ಬಂದರೆ ಈ ಸೆಕ್ಷನ್ ಸಿಗದು, ಆಗ ಕೃಷಿ ಆದಾಯದ ದಾರಿಯೇ ಗತಿ. ಇನ್ನೊಂದು ಷರತ್ತೂ ಇದೆ. ಅದೇ ವಿಪತ್ತಿನ ನಷ್ಟವನ್ನು ಈಗಾಗಲೇ ಕಾಯ್ದೆಯಡಿ ಕಡಿತವಾಗಿ ಪಡೆದಿದ್ದರೆ ಅಷ್ಟು ಮೊತ್ತಕ್ಕೆ ವಿನಾಯಿತಿ ಇಲ್ಲ. ಕೊಚ್ಚಿಹೋದ ವಸ್ತುವಿನ ನಷ್ಟವನ್ನೂ ಬರೆದು, ಅದಕ್ಕೆ ಬಂದ ಪರಿಹಾರಕ್ಕೆ ವಿನಾಯಿತಿಯನ್ನೂ ಕೇಳುವಂತಿಲ್ಲ.

ಎರಡೂ ತೆರಿಗೆಮುಕ್ತ ಅಂದ ಮೇಲೆ ಯಾವ ಕಾಲಂ ಆದರೇನು ಎಂದು ಕೇಳಬಹುದು. ಕೃಷಿ ಬಿಟ್ಟು ಬೇರೆ ಆದಾಯವಿಲ್ಲದವರಿಗೆ ನಿಜಕ್ಕೂ ಏನೂ ಆಗುವುದಿಲ್ಲ. ಅವರು ಸಾಮಾನ್ಯವಾಗಿ ರಿಟರ್ನ್ ಸಲ್ಲಿಸಬೇಕಾದ ಅಗತ್ಯವೇ ಇಲ್ಲ. ವರ್ಷದಲ್ಲಿ ಲಕ್ಷ ರೂಪಾಯಿ ಮೀರಿದ ಕರೆಂಟ್ ಬಿಲ್, ಎರಡು ಲಕ್ಷ ಮೀರಿದ ವಿದೇಶ ಪ್ರವಾಸದ ಖರ್ಚು, ಉಳಿತಾಯ ಖಾತೆಗಳಿಗೆ 50 ಲಕ್ಷದಷ್ಟು ಜಮೆ, 25,000 ರೂಪಾಯಿಯ ಟಿಡಿಎಸ್ (ಹಣ ಕೊಡುವವರೇ ಮೊದಲೇ ಮುರಿದುಕೊಂಡ ತೆರಿಗೆ), ಇಂಥ ಸಂದರ್ಭಗಳಲ್ಲಷ್ಟೇ ಅವರು ಸಲ್ಲಿಸಬೇಕಾಗುತ್ತದೆ. ಹಿರಿಯ ನಾಗರಿಕರಿಗೆ ಆ ಟಿಡಿಎಸ್ ಮಿತಿ 50,000. ಬಿಸಿ ತಟ್ಟುವುದು ಊರಿನಲ್ಲಿ ಜಮೀನು, ಪಟ್ಟಣದಲ್ಲಿ ಸಂಬಳ ಇರುವವರಿಗೆ. ನಿಮ್ಮಲ್ಲಿ ಅಂಥವರೇ ಹೆಚ್ಚು ಕಾಣುತ್ತಿದ್ದೀರಿ, ಅದಕ್ಕೇ ಈ ಲೆಕ್ಕವನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ಪೆನ್ನು ತೆಗೆದುಕೊಳ್ಳಿ.

ಕೃಷಿ ಆದಾಯಕ್ಕೆ ನೇರ ತೆರಿಗೆ ಇಲ್ಲ. ಆದರೆ ನಿವ್ವಳ ಕೃಷಿ ಆದಾಯ 5,000 ರೂಪಾಯಿ ಮೀರಿ, ಕೃಷಿಯೇತರ ಆದಾಯ ಮೂಲ ವಿನಾಯಿತಿ ಮಿತಿಯನ್ನು (ಎಷ್ಟರವರೆಗೆ ತೆರಿಗೆಯೇ ಇಲ್ಲವೋ ಆ ಮೊತ್ತವನ್ನು) ದಾಟಿದ್ದರೆ, ತೆರಿಗೆಯ ದರ ನಿರ್ಧರಿಸಲು ಎರಡನ್ನೂ ಕೂಡಿಸುತ್ತಾರೆ. ಮೊದಲು ಎರಡನ್ನೂ ಕೂಡಿಸಿ ತೆರಿಗೆ ಲೆಕ್ಕ ಹಾಕಿ. ಆಮೇಲೆ ಕೃಷಿ ಆದಾಯಕ್ಕೆ ಮೂಲ ವಿನಾಯಿತಿ ಮಿತಿಯನ್ನು ಕೂಡಿಸಿ, ಅದರ ಮೇಲೆ ತೆರಿಗೆ ಲೆಕ್ಕ ಹಾಕಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಬರುವುದು ನಿಮ್ಮ ತೆರಿಗೆ.

ಒಬ್ಬರು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ, ಚನ್ನಗಿರಿ ಕಡೆ ಅಡಿಕೆ ತೋಟವಿದೆ ಎಂದುಕೊಳ್ಳಿ. ಹೊಸ ಪದ್ಧತಿಯಲ್ಲಿ (ಇದು ಹೊಸ ಕಾಯ್ದೆಯಲ್ಲ, ಹಳೆಯ ಕಾಯ್ದೆಯಲ್ಲೇ ಇರುವ, ದರವೂ ಕಡಿತಗಳೂ ಕಡಿಮೆಯಿರುವ ಆಯ್ಕೆ) 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಸಂಬಳದ ಆದಾಯ 11,50,000. ಅಡಿಕೆ ಮಾರಿದ್ದು 6,20,000, ಹವಾಮಾನ ವಿಮೆ ಬಂದದ್ದು 1,30,000, ತೋಟದ ಖರ್ಚು 3,50,000. ನಿವ್ವಳ ಕೃಷಿ ಆದಾಯ 4,00,000.

ಕೂಡಿಸಿದರೆ 15,50,000. ಮೊದಲ ನಾಲ್ಕು ಲಕ್ಷಕ್ಕೆ ಇಲ್ಲ, ನಾಲ್ಕರಿಂದ ಎಂಟಕ್ಕೆ ಶೇ 5ರಂತೆ 20,000, ಎಂಟರಿಂದ ಹನ್ನೆರಡಕ್ಕೆ ಶೇ 10ರಂತೆ 40,000, ಉಳಿದ ಮೂರೂವರೆ ಲಕ್ಷಕ್ಕೆ ಶೇ 15ರಂತೆ 52,500. ಒಟ್ಟು 1,12,500. ಈಗ ಕೃಷಿ ಆದಾಯ ನಾಲ್ಕು ಲಕ್ಷ, ಮೂಲ ಮಿತಿ ನಾಲ್ಕು ಲಕ್ಷ, ಸೇರಿ ಎಂಟು ಲಕ್ಷ. ಅದರ ಮೇಲಿನ ತೆರಿಗೆ 20,000. ಕಳೆದರೆ 92,500.

ಇಲ್ಲಿ ಎಲ್ಲರೂ ಹೇಳುವುದು ‘ನನ್ನ ಆದಾಯ ಹನ್ನೆರಡು ಲಕ್ಷ ದಾಟಿಲ್ಲ, 87ಎ ರಿಯಾಯಿತಿ ಇದೆ, ತೆರಿಗೆ ಸೊನ್ನೆ’ ಎಂದು. ರಿಯಾಯಿತಿ ಇರುವುದು ನಿಜ. ಒಟ್ಟು ಆದಾಯಕ್ಕೆ ಕೃಷಿ ಆದಾಯ ಸೇರದ್ದರಿಂದ ಇವರು ಹನ್ನೆರಡು ಲಕ್ಷದ ಒಳಗೇ ಇದ್ದಾರೆ. ಆದರೆ ರಿಯಾಯಿತಿಗೂ ಗರಿಷ್ಠ ಮಿತಿಯಿದೆ, 60,000. 92,500ರಲ್ಲಿ ಅಷ್ಟು ಹೋದರೆ 32,500 ಉಳಿಯಿತು, ಶೇ 4 ಸೆಸ್ ಸೇರಿ 33,800. ತೋಟ ಇಲ್ಲದ, ಅಷ್ಟೇ ಸಂಬಳದ ಸಹೋದ್ಯೋಗಿಗೆ ತೆರಿಗೆ ಸೊನ್ನೆ. ‘ತೆರಿಗೆಮುಕ್ತ’ ಆದಾಯ ಇವರಿಂದ 33,800 ರೂಪಾಯಿ ಕಟ್ಟಿಸಿತು. ಇದು ಸಾಫ್ಟ್‌ವೇರ್ ತಪ್ಪಲ್ಲ, ಕಾನೂನೇ ಹೀಗಿದೆ.

ಇದೇ ತೋಟಕ್ಕೆ ವಿಮೆ ಬರದೆ, ಸರ್ಕಾರದ ಪರಿಹಾರ ಎರಡು ಹೆಕ್ಟೇರಿಗೆ 45,000 ಬಂದಿತ್ತು ಎಂದುಕೊಳ್ಳಿ. ಅದು 10(10ಬಿಸಿ)ಗೆ ಹೋಗುತ್ತದೆ, ಕೂಡಿಸುವ ಲೆಕ್ಕಕ್ಕೆ ಬರುವುದೇ ಇಲ್ಲ. ನಿವ್ವಳ ಕೃಷಿ ಆದಾಯ 2,70,000 ಮಾತ್ರ. ಅದೇ ಕ್ರಮದಲ್ಲಿ ಮಾಡಿದರೆ 93,000ದಲ್ಲಿ 13,500 ಕಳೆದು 79,500, ರಿಯಾಯಿತಿ ಹೋಗಿ 19,500, ಸೆಸ್ ಸೇರಿ 20,280. ಆ 45,000ವನ್ನು ತಿಳಿಯದೆ ಕೃಷಿ ಜಮೆಗೆ ಸೇರಿಸಿದವರು ಕಟ್ಟಬೇಕಿಲ್ಲದ ತೆರಿಗೆ ಕಟ್ಟುತ್ತಾರೆ. 1,30,000 ವಿಮೆಯನ್ನು 10(10ಬಿಸಿ) ಎಂದು ತೋರಿಸಿದವರು ಕಟ್ಟಬೇಕಾದ್ದನ್ನು ಉಳಿಸಿಕೊಂಡು, ಮುಂದೆ ನೋಟಿಸಿಗೆ ಉತ್ತರ ಕೊಡುತ್ತಾರೆ.

ಹಳೆಯ ಪದ್ಧತಿಯಲ್ಲಿರುವವರು ಎರಡನೇ ಹಂತದಲ್ಲಿ ನಾಲ್ಕು ಲಕ್ಷದ ಬದಲು ತಮ್ಮ ವಯಸ್ಸಿನ ಮಿತಿ ಹಾಕಬೇಕು: ಎರಡೂವರೆ ಲಕ್ಷ, 60 ದಾಟಿದವರಿಗೆ ಮೂರು, 80 ದಾಟಿದವರಿಗೆ ಐದು.

ಇನ್ನು ಫಾರಂ. ಸಂಬಳದಾರರ ಸರಳ ರಿಟರ್ನ್ ಫಾರಂ ಆದ ಐಟಿಆರ್-1ರಲ್ಲಿ ಕೃಷಿ ಆದಾಯ 5,000ದವರೆಗೆ ಮಾತ್ರ. ಅದು ಮೀರಿದರೆ ಐಟಿಆರ್-2. ಅಂಗಡಿ ಇಟ್ಟುಕೊಂಡು ಅಂದಾಜು ಆದಾಯದ ಲೆಕ್ಕದಲ್ಲಿ ಐಟಿಆರ್-4 ಸಲ್ಲಿಸುವವರಿಗೂ ಇದೇ ಮಿತಿ, ದಾಟಿದರೆ ಐಟಿಆರ್-3. ಇಲ್ಲೊಂದು ಸಣ್ಣ ಅನುಕೂಲವಿದೆ. 10(10ಬಿಸಿ) ಐಟಿಆರ್-1ರ ವಿನಾಯಿತಿ ಆದಾಯದ ಪಟ್ಟಿಯಲ್ಲೇ ಇದೆ. ಹೀಗಾಗಿ ಸರ್ಕಾರದ ಪರಿಹಾರ ಮಾತ್ರ ಬಂದು, ನಿವ್ವಳ ಕೃಷಿ ಆದಾಯ 5,000ದ ಒಳಗಿರುವ ಸಂಬಳದಾರರು ಐಟಿಆರ್-1ರಲ್ಲೇ ಮುಗಿಸಬಹುದು. ಅದೇ ಪಟ್ಟಿಯಲ್ಲಿ ಎಡವಿ ಬೀಳುವ ಗುಂಡಿಯೂ ಒಂದಿದೆ, 10(10ಡಿ). ‘ವಿಮೆ’ ಎಂದು ಕಂಡ ಕೂಡಲೇ ಬೆಳೆ ವಿಮೆಯನ್ನು ಅಲ್ಲಿ ತುಂಬುವವರಿದ್ದಾರೆ. ಅದು ಜೀವ ವಿಮೆಯ ಸೆಕ್ಷನ್. ಭತ್ತಕ್ಕೂ ಅದಕ್ಕೂ ಸಂಬಂಧವಿಲ್ಲ.

ಐಟಿಆರ್-2ರಲ್ಲಿ ಶೆಡ್ಯೂಲ್ ಇಐ, ಅಂದರೆ ವಿನಾಯಿತಿ ಆದಾಯದ ಪಟ್ಟಿ, ತೆರೆಯಿರಿ. ಮೊದಲು ಒಟ್ಟು ಕೃಷಿ ಜಮೆ: ಮಾರಾಟ ಮತ್ತು ವಿಮಾ ಕ್ಲೇಮ್ ಎರಡೂ ಸೇರಿ. ನಂತರ ಕೃಷಿ ಖರ್ಚು: ಬೀಜ, ಗೊಬ್ಬರ, ಔಷಧಿ, ಉಳುಮೆ, ಕೂಲಿ, ವಿಮಾ ಕಂತು. ಆಮೇಲೆ ಹಿಂದಿನ ಎಂಟು ವರ್ಷಗಳಿಂದ ಉಳಿದುಬಂದ ಕೃಷಿ ನಷ್ಟ. ಕೊನೆಗೆ ನಿವ್ವಳ. ನಿವ್ವಳ ಐದು ಲಕ್ಷ ಮೀರಿದರೆ ಜಮೀನಿನ ವಿವರ ಕೇಳುತ್ತದೆ: ಜಿಲ್ಲೆ ಮತ್ತು ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗುತ್ತಿಗೆಯದ್ದೋ, ನೀರಾವರಿಯೋ ಮಳೆಯಾಶ್ರಿತವೋ. ಪಹಣಿಯಲ್ಲಿ ಎಕರೆ-ಗುಂಟೆ ಇರುತ್ತದೆ, ಇಲ್ಲಿ ಎಕರೆಯಲ್ಲೇ ದಶಮಾಂಶ ಹಾಕಬೇಕು. 40 ಗುಂಟೆಗೆ ಒಂದು ಎಕರೆ. ಹಾಗಾಗಿ 3 ಎಕರೆ 20 ಗುಂಟೆ ಅಂದರೆ 3.20 ಅಲ್ಲ, 3.50. ಈ ತಪ್ಪು ಎಷ್ಟು ಸಾಮಾನ್ಯ ಎಂದರೆ ನಾನು ಯಾವುದೇ ರಿಟರ್ನ್ ಪರಿಶೀಲಿಸುವಾಗ ಮೊದಲು ನೋಡುವುದೇ ಅದನ್ನು.

ಬೆಳೆ ಹೋದ ವರ್ಷ ಖರ್ಚು ಹೆಚ್ಚಾಗಿ, ಜಮೆ ಕಡಿಮೆಯಾಗಿ ನಿವ್ವಳ ನಷ್ಟ ಬಂದರೆ ಅದನ್ನು ಸಂಬಳದಲ್ಲಿ ಕಳೆಯುವಂತಿಲ್ಲ. ಆ ವರ್ಷದ ಕೂಡಿಸುವ ಲೆಕ್ಕಕ್ಕೆ ಕೃಷಿ ಆದಾಯ ಸೊನ್ನೆ. ಮುಂದಿನ ಎಂಟು ವರ್ಷಗಳ ಕೃಷಿ ಆದಾಯದಲ್ಲಿ ಮಾತ್ರ ಕಳೆಯಬಹುದು, ಅದಕ್ಕೆ ನಷ್ಟದ ವರ್ಷದಲ್ಲಿ ರಿಟರ್ನ್‌ನಲ್ಲಿ ತೋರಿಸಿರಬೇಕು. ಮುಂಗಾರಿನ ನಷ್ಟವನ್ನು ಈ ವರ್ಷ ತೋರಿಸಿ, ಅದೇ ಬೆಳೆಯ ವಿಮೆ ಮುಂದಿನ ವರ್ಷ ಬಂದಾಗ ಮರೆಯುವುದು ನಡೆಯುವುದಿಲ್ಲ. ನಗದು ಪದ್ಧತಿಯಲ್ಲಿ ಲೆಕ್ಕ ಇಡುವವರು, ಅಂದರೆ ಬಹುತೇಕ ಎಲ್ಲ ರೈತರು, ಹಣ ಖಾತೆಗೆ ಬಿದ್ದ ವರ್ಷದಲ್ಲೇ ತೋರಿಸಬೇಕು. 2024ರ ಬೆಳೆಯ ವಿಮೆ 2025ರ ನವೆಂಬರ್‌ನಲ್ಲಿ ಬಂದರೆ ಅದು 2025-26ರ ಜಮೆ, 2024ರ ಜುಲೈನಲ್ಲಿ ಕಟ್ಟಿದ ಕಂತು 2024-25ರ ಖರ್ಚು.

ಸಾಲದ ಖಾತೆಗೆ ಜಮೆಯಾದ ವಿಮೆಯ ಬಗ್ಗೆ ಒಂದು ಮಾತು. ‘ಬ್ಯಾಂಕ್‌ನವರೇ ಮುರಿದುಕೊಂಡರು, ನನಗೆ ಬಂದೇ ಇಲ್ಲ’ ಎನ್ನುತ್ತಾರೆ. ಸಂಕಟ ಅರ್ಥವಾಗುತ್ತದೆ. ಲೆಕ್ಕದಲ್ಲಿ ಮಾತ್ರ ಅದು ನಿಮಗೆ ಬಂದ ಹಣ, ಅದರಿಂದ ನಿಮ್ಮ ಸಾಲ ತೀರಿದೆ. ಜಮೆ ಪೂರ್ತಿ ತೋರಿಸಬೇಕು. ಅಸಲಿಗೆ ಹೋದದ್ದು ಖರ್ಚಲ್ಲ, ಬೆಳೆ ಸಾಲದ ಬಡ್ಡಿಗೆ ಹೋದದ್ದು ಮಾತ್ರ ಖರ್ಚು.

ಯಾರ ಹೆಸರಿನಲ್ಲಿ ತೋರಿಸುವುದು ಎಂಬುದೂ ಗಂಟು. ಸರ್ಕಾರದ ಪರಿಹಾರ ಪಹಣಿದಾರರ ಫ್ರೂಟ್ಸ್ ಐಡಿ (ರಾಜ್ಯದ ರೈತ ನೋಂದಣಿ ಸಂಖ್ಯೆ) ಮೇಲೆ ಬರುತ್ತದೆ, ಬೇಸಾಯ ಮಾಡಿದವರು ಬೇರೆಯೇ ಇರಬಹುದು. ಕೋರಿಗೆ ಕೊಟ್ಟ ಹೊಲದ ಪರಿಹಾರ ಮಾಲೀಕರ ಖಾತೆಗೆ ಬಂದು, ಅವರು ಅರ್ಧ ಹಂಚಿದರೆ, ಹಂಚಿದ್ದನ್ನು ಬ್ಯಾಂಕ್ ಮೂಲಕವೇ ಕೊಡಿ, ಒಂದು ಚೀಟಿ ಬರೆಸಿಕೊಳ್ಳಿ. ನಗದು ಕೊಟ್ಟರೆ ಪೂರ್ತಿ ಹಣ ನಿಮ್ಮದೇ ಎಂದು ದಾಖಲೆ ಹೇಳುತ್ತದೆ. ಅಣ್ಣತಮ್ಮಂದಿರ ಜಂಟಿ ಪಹಣಿಯಲ್ಲೂ ಹೀಗೇ, ಅಣ್ಣನ ಖಾತೆಗೆ ಬಂದದ್ದನ್ನು ಪಾಲಿನ ಪ್ರಕಾರ ತೋರಿಸಲು ಹಂಚಿದ ಪುರಾವೆ ಬೇಕು. ತಂದೆಯ ಹೆಸರಿನಲ್ಲೇ ಪಹಣಿ ಉಳಿದು, ಪೌತಿ ಖಾತೆ ಆಗದಿದ್ದರೆ ಹಣ ಬರುವುದೇ ಕಷ್ಟ. ಬಂದರೆ, ವಾರಸುದಾರರಿಗೂ 10(10ಬಿಸಿ) ಸಿಗುತ್ತದೆ.

ಕಾಡುಪ್ರಾಣಿ ಹಾವಳಿಗೆ ಅರಣ್ಯ ಇಲಾಖೆ ಕೊಡುವ ಪರಿಹಾರ? ಕೊಡಗು, ಹಾಸನ, ಚಾಮರಾಜನಗರದವರಿಗೆ ಇದು ಪ್ರತಿವರ್ಷದ ಮಾತು. ಕೊಡುವುದು ರಾಜ್ಯ ಸರ್ಕಾರವೇ. ಆದರೆ 10(10ಬಿಸಿ)ಯ ‘ವಿಪತ್ತು’ ಎಂದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಹೇಳಿದ ವಿಪತ್ತು, ಆ ಪ್ರದೇಶದ ಜನರ ನಿಭಾಯಿಸುವ ಶಕ್ತಿ ಮೀರಿದ ಘಟನೆ. ಒಂದು ರಾತ್ರಿ ಎರಡು ಆನೆ ಬಂದು ಒಬ್ಬರ ಬಾಳೆ ತುಳಿದದ್ದನ್ನು ಆ ವ್ಯಾಖ್ಯೆಗೆ ಹೊಂದಿಸುವುದು ಕಷ್ಟ. ನನ್ನ ಸಲಹೆ, ಇದನ್ನು ಕೃಷಿ ಜಮೆಗೆ ಸೇರಿಸಿ. ಸ್ವಲ್ಪ ತೆರಿಗೆ ಹೆಚ್ಚಾದರೂ ವಾದಕ್ಕೆ ಆಸ್ಪದವಿಲ್ಲ.

ವಿದ್ಯುತ್ ಟವರ್, ಅನಿಲ ಪೈಪ್‌ಲೈನ್ ಹಾದುಹೋದಾಗ ಕೊಡುವ ಹಣ ಒಂದೇ ಚೆಕ್ಕಿನಲ್ಲಿ ಬಂದರೂ ಅದರೊಳಗೆ ಮೂರು ಭಾಗ ಇರುತ್ತವೆ. ನಿಂತ ಬೆಳೆಗೆ ಕೊಟ್ಟದ್ದು ಕೃಷಿ ಆದಾಯ. ಜಮೀನಿನ ಮೌಲ್ಯ ಕುಗ್ಗಿದ್ದಕ್ಕೆ ಅಥವಾ ಬಳಕೆಯ ಹಕ್ಕಿಗೆ ಕೊಟ್ಟದ್ದು ಬಂಡವಾಳ ಸ್ವರೂಪದ್ದು. ಬುಡಸಮೇತ ತೆಗೆದ ತೆಂಗು, ಅಡಿಕೆ ಮರಗಳಿಗೆ ಕೊಟ್ಟದ್ದೂ ಒಂದು ವರ್ಷದ ಫಸಲಿನ ಬದಲಿ ಅಲ್ಲ, ಫಸಲು ಕೊಡುವ ಮರವೇ ಹೋದದ್ದರ ಬದಲಿ. ಅದನ್ನೂ ಬಂಡವಾಳವೆಂದೇ ನೋಡಬೇಕು. ಹಾಗಾಗಿ ಹಣ ಪಡೆಯುವಾಗಲೇ ವಿಂಗಡಣೆ ಇರುವ ಪಂಚನಾಮೆ ಅಥವಾ ಲೆಕ್ಕಪತ್ರದ ಪ್ರತಿ ಕೇಳಿ ಪಡೆಯಿರಿ. ಎರಡು ವರ್ಷ ಬಿಟ್ಟು ಹೋದರೆ ಆ ಕಡತ ಎಲ್ಲಿದೆ ಎಂದು ಹೇಳುವವರೂ ಸಿಗುವುದಿಲ್ಲ.

ಕಾಫಿ ಬೆಳೆಗಾರರು ಎರಡು ಬಗೆ. ಹಸಿ ಹಣ್ಣನ್ನೋ ಪಾರ್ಚ್‌ಮೆಂಟನ್ನೋ (ಒಳಸಿಪ್ಪೆ ಇರುವ ಒಣ ಬೀಜ) ಕ್ಯೂರಿಂಗ್, ಅಂದರೆ ಸಿಪ್ಪೆ ತೆಗೆದು ಹಸನು ಮಾಡುವ ಕೆಲಸ, ಮಾಡದೆ ಮಾರುವವರ ಆದಾಯ ಪೂರ್ತಿ ಕೃಷಿ. ತಾವೇ ಕ್ಯೂರಿಂಗ್ ಮಾಡಿ ಮಾರಿದರೆ ನಿಯಮ 7ಬಿ ಪ್ರಕಾರ ಶೇ 25 ವ್ಯಾಪಾರದ ಆದಾಯ. ಗಿಡದ ಮೇಲಿನ ಫಸಲು ಮಳೆಗೆ ಉದುರಿದ್ದಕ್ಕೆ ಬಂದ ಪರಿಹಾರ ಕ್ಯೂರಿಂಗ್‌ಗೆ ಮುಂಚಿನದು, ಅದನ್ನು ಕೃಷಿಯೆಂದೇ ತೋರಿಸಲು ಆಧಾರವಿದೆ. ಕ್ಯೂರಿಂಗ್ ಆದ ದಾಸ್ತಾನಿಗೆ ಬಂದ ವಿಮೆ 7ಬಿ ಲೆಕ್ಕಕ್ಕೇ ಹೋಗಬೇಕು.

ಇನ್ನು ತೆರಿಗೆ ಖಂಡಿತ ಇರುವ ಭಾಗ: ಬಡ್ಡಿ. ಕ್ಲೇಮ್ ತಡವಾದದ್ದಕ್ಕೆ ವಿಮಾ ಕಂಪನಿ ಕೊಟ್ಟ ಬಡ್ಡಿಯೋ, ಕೋರ್ಟ್ ಕೊಡಿಸಿದ ಬಡ್ಡಿಯೋ, ಅದು ನೆಲದಿಂದ ಹುಟ್ಟಿದ್ದಲ್ಲ, ಹಣ ತಡವಾದದ್ದರಿಂದ ಹುಟ್ಟಿದ್ದು. ‘ಇತರ ಮೂಲಗಳ ಆದಾಯ’ದಲ್ಲಿ, ಕೈಸೇರಿದ ವರ್ಷದಲ್ಲಿ ತೋರಿಸಬೇಕು. ಕಳಪೆ ಬೀಜದ ಪ್ರಕರಣಗಳಲ್ಲಿ ಗ್ರಾಹಕ ಆಯೋಗದ ಆದೇಶ ಬಂದಾಗ ಇದು ಚೆನ್ನಾಗಿ ಕಾಣುತ್ತದೆ. ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಆದೇಶದಲ್ಲಿ ಬೆಳೆ ನಷ್ಟಕ್ಕೆ ಇಷ್ಟು, ಬಡ್ಡಿ ಇಷ್ಟು ಎಂದು ಬೇರೆ ಬೇರೆ ಬರೆದಿರುತ್ತದೆ. ಮೊದಲನೆಯದು ಕೃಷಿ ಜಮೆಗೆ, ಎರಡನೆಯದು ತೆರಿಗೆಗೆ. ಬ್ಯಾಂಕಿಗೆ ಮಾತ್ರ ಒಂದೇ ಮೊತ್ತವಾಗಿ ಬಂದಿರುತ್ತದೆ.

ಬಡ್ಡಿಗೆ ಟಿಡಿಎಸ್ ಕಡಿತವಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಸಿಗುವ 26ಎಎಸ್ (ನಿಮ್ಮ ಹೆಸರಿನ ತೆರಿಗೆ ಕಡಿತದ ಪಟ್ಟಿ) ಮತ್ತು ಎಐಎಸ್ (ವರ್ಷದ ಆದಾಯ-ವ್ಯವಹಾರಗಳ ಪಟ್ಟಿ) ಎರಡರಲ್ಲೂ ನೋಡಿ. ಪ್ಯಾನ್ ಕೊಡದಿದ್ದರೆ ಶೇ 10ರ ಬದಲು 20 ಹೋಗಿರುತ್ತದೆ. ಬೇರೆ ಆದಾಯವಿಲ್ಲದ ರೈತರಾದರೆ ಅದು ವಾಪಸ್ ಬರಬೇಕಾದ ಹಣ, ಆದರೆ ರಿಟರ್ನ್ ಸಲ್ಲಿಸದೆ ಬರದು. ‘ರಿಟರ್ನ್ ಹಾಕಿದರೆ ಪಿಎಂ ಕಿಸಾನ್ ನಿಲ್ಲುತ್ತದೆ’ ಎಂಬ ಹೆದರಿಕೆಯಿಂದ ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ. ಆ ಯೋಜನೆಯ ನಿಯಮ ಹೊರಗಿಡುವುದು ಹಿಂದಿನ ಅಸೆಸ್‌ಮೆಂಟ್ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರನ್ನು. ತೆರಿಗೆ ಸೊನ್ನೆ ಇದ್ದು ರೀಫಂಡ್ ಕೇಳಿದವರು ತೆರಿಗೆ ಕಟ್ಟಿದವರಲ್ಲ.

ಕಾಗದಪತ್ರ: ವಿಮೆಗೆ ರಾಜ್ಯದ ಬೆಳೆ ವಿಮೆ ಜಾಲತಾಣವಾದ ‘ಸಂರಕ್ಷಣೆ’ ಪೋರ್ಟಲ್‌ನಿಂದ ಅರ್ಜಿ ಸಂಖ್ಯೆ ಮತ್ತು ಕ್ಲೇಮ್ ಸ್ಥಿತಿಯ ಪ್ರತಿ, ಸರ್ಕಾರದ ಹಣಕ್ಕೆ ‘ಪರಿಹಾರ’ ಎಂಬ ಸರ್ಕಾರಿ ತಂತ್ರಾಂಶದ ಪಾವತಿ ವಿವರ, ಆ ವರ್ಷದ ಪಹಣಿ, ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ, ಗೊಬ್ಬರ-ಬೀಜದ ಬಿಲ್ಲು, ಕೂಲಿ ಕೊಟ್ಟ ಪುಸ್ತಕ. ಹಣ ಜಮೆಯಾದ ವಾರದಲ್ಲೇ ಇವನ್ನು ಇಳಿಸಿಟ್ಟುಕೊಂಡು, ಪಾಸ್‌ಬುಕ್ಕಿನ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ‘ವಿಮೆ’, ‘ಸರ್ಕಾರ’, ‘ಬಡ್ಡಿ’ ಎಂದು ಬರೆದಿಡಿ. ನಷ್ಟ ಮುಂದಕ್ಕೆ ಒಯ್ಯುವವರು ಆ ನಷ್ಟ ಪೂರ್ತಿ ಕಳೆದು ಮುಗಿಯುವ ತನಕ ಯಾವ ಬಿಲ್ಲನ್ನೂ ಎಸೆಯಬೇಡಿ.